ದೊರೆಯ ಎರಡನೆಯ ಸೀನಿನ ಮೊಕದ್ದಮೆ

ಇದು ನಡೆದದ್ದು ಚೈತ್ರ ಮಾಸದ ಎರಡನೆಯ ಮಂಗಳವಾರ, ಬೆಳಿಗ್ಗೆ ಒಂಬತ್ತೂಕಾಲು ಗಂಟೆಗೆ.

ಒಂದಾನೊಂದು ಊರಿನಲ್ಲಿ ಎಂದ ಕೂಡಲೇ ಯಾವ ಊರು ಎಂದು ಕೇಳಬಾರದು. ಊರಿನ ಹೆಸರು ಹೊಸ್ತಿಲಕೋಟೆ. ಹೇಳಿದ್ದಾಯಿತು. ಇನ್ನು ನೆಟ್ಟಗೆ ಕೂತು ಕೇಳಿ.

ಹೊಸ್ತಿಲಕೋಟೆಯ ದೊರೆಯ ಹೆಸರು ಉದ್ದಂಡಪ್ಪ ನಾಯಕ. ಅವನಿಗೆ ಯುದ್ಧದ ಭಯವಿರಲಿಲ್ಲ. ಹಾವಿನ ಭಯವಿರಲಿಲ್ಲ. ಒಂಟಿ ಸೀನಿನ ಭಯ ಮಾತ್ರ ಇತ್ತು. ಹೊರಡುವ ಹೊತ್ತಿಗೆ ಒಂದು ಸೀನು ಬಿದ್ದರೆ ಅಪಶಕುನ, ಬೆನ್ನಿಗೇ ಇನ್ನೊಂದು ಬಿದ್ದರೆ ದೋಷ ಹೋಯಿತು ಎಂಬುದು ನಮ್ಮ ನಿಮ್ಮ ಮನೆಗಳಲ್ಲೂ ಇದೆ. ನಾವು ಒಂದು ಗುಟುಕು ನೀರು ಕುಡಿದು ಹೊರಟುಬಿಡುತ್ತೇವೆ. ದೊರೆ ಹಾಗೆ ಬಿಡುವವನಲ್ಲ. ಅವನು ಶಾಸನವನ್ನೇ ಬರೆಸಿದ್ದ. ದೊರೆಗೆ ಒಂಟಿ ಸೀನು ಬಿದ್ದ ಮೇಲೆ ಜೋಡಿ ಸೀನು ಬೀಳುವವರೆಗೆ ರಾಜ್ಯದಲ್ಲಿ ಯಾವ ಕೆಲಸವೂ ಪ್ರಾರಂಭವಾಗಕೂಡದು. ಮೊದಲೇ ಶುರುವಾದದ್ದು ಮುಂದುವರಿಯಬಹುದು. ಹೊಸದು ಶುರುವಾಗಬಾರದು.

ಆ ಮಂಗಳವಾರ ದೊರೆ ಹೊಸ ಜೋಡು ಮೆಟ್ಟಿ ಅಂಗಳಕ್ಕೆ ಇಳಿಯಲು ಬಲಗಾಲು ಎತ್ತಿದ. ಕಾಲು ಹೊಸ್ತಿಲ ಮೇಲೆ ಗಾಳಿಯಲ್ಲಿರುವಾಗ ಸೀನು ಬಂತು. ಒಂದು. ದೊರೆ ಕಾಲು ಇಳಿಸಲಿಲ್ಲ. ಮೂಗು ಮೇಲಕ್ಕೆತ್ತಿದ. ಬಾಯಿ ತೆರೆದ. ಎರಡನೆಯದು ಮೂಗಿನ ತುದಿಯವರೆಗೆ ಬಂತು. ಅಂಗಳದಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿದರು.

ಆಗ ಅಂಗಳದ ಮೂಲೆಯಿಂದ ಸದ್ದು ಕೇಳಿತು. "ಆಕ್ಷೀ!"

ಸೀನಿದವಳು ಫಕೀರವ್ವ. ಊರಿಗೆಲ್ಲ ಒಣಮೆಣಸಿನಕಾಯಿ ಕುಟ್ಟಿ ಖಾರದಪುಡಿ ಮಾಡಿಕೊಡುವವಳು. ಅರಮನೆಯ ಖಾರ ಕುಟ್ಟಿ ಮುಗಿಸಿ, ಒನಕೆಯನ್ನು ಹೆಗಲಿಗೇರಿಸಿಕೊಂಡು ಮನೆಯ ಕಡೆ ತಿರುಗಿದ್ದಳು.

ದೊರೆಯ ಮೂಗಿನ ತುದಿಗೆ ಬಂದದ್ದು ಹಿಂದಕ್ಕೆ ಸರಿದು ಕಾಣೆಯಾಯಿತು.

"ಕಳವು!" ಎಂದು ದೊರೆ ಕೂಗಿದ.

ಫಕೀರವ್ವ ಹಿಂದೆ ನೋಡಿದಳು, ಮುಂದೆ ನೋಡಿದಳು. "ಯಾರ ಮನ್ಯಾಗ್ರೀ?" ಎಂದಳು.

"ನನ್ನ ಮೂಗಿನಲ್ಲಿ!"

ಹೀಗೆ ಫಕೀರವ್ವ ಆರೋಪಿಯಾದಳು.

ಹೊಸ ಕೆಲಸ ಪ್ರಾರಂಭವಾಗಕೂಡದಲ್ಲ, ವಿಚಾರಣೆ ಹೇಗೆ ನಡೆಯಿತು ಎಂದು ನೀವು ಕೇಳಬಹುದು. ಅದನ್ನು ಅವರೂ ಕೇಳಿಕೊಂಡರು. ಕೆಳಗಿನ ಕಟ್ಟೆಯ ನ್ಯಾಯಾಲಯ ದೊರೆಯ ಅಜ್ಜನ ಕಾಲದಲ್ಲಿ ಕೂತದ್ದು ಇನ್ನೂ ಎದ್ದಿರಲಿಲ್ಲ. ಆದ್ದರಿಂದ ವಿಚಾರಣೆ ಹೊಸದಲ್ಲ, ಹಳೆಯದರ ಮುಂದುವರಿಕೆ ಎಂದು ತೀರ್ಮಾನವಾಯಿತು.

ಸರ್ಕಾರಿ ವಕೀಲ ಕುಪೇಂದ್ರಪ್ಪ ನಿಲುವಂಗಿಯ ತೋಳು ಮಡಚಿಕೊಂಡು ಎದ್ದ.

"ಎಷ್ಟು ವರ್ಷದಿಂದ ಖಾರ ಕುಟ್ಟುತ್ತಿದ್ದೀ?"

"ಮೂವತ್ತು ವರ್ಷ ಆತ್ರೀ."

"ಮೂವತ್ತು ವರ್ಷದಲ್ಲಿ ಎಷ್ಟು ಸಲ ಸೀನಿದ್ದೀ?"

"ಒಂದ್ಸಲನೂ ಇಲ್ರೀ. ಖಾರ ಕುಟ್ಟಾಕಿ ಸೀನಿದ್ರ ಪುಡಿ ಹಾರಿ ಹೋಗತೈತಿ. ಮೂಗು ರೂಢಿ ಮಾಡಿಕೊಂಡೈತಿ."

"ಹಾಗಾದರೆ ಈ ಸೀನು ನಿನಗೆ ಎಲ್ಲಿಂದ ಬಂತು?"

"ಮೂಗಿನಿಂದ್ರೀ."

"ಮೂಗಿಗೆ ಎಲ್ಲಿಂದ ಬಂತು?"

ಫಕೀರವ್ವ ಯೋಚಿಸಿದಳು. ತನ್ನ ಸೀನು ಎಲ್ಲಿಂದ ಬರುತ್ತದೆ ಎಂದು ಯಾರಿಗೆ ತಾನೇ ಗೊತ್ತಿರುತ್ತದೆ? ಅವಳಿಗೂ ಗೊತ್ತಿರಲಿಲ್ಲ. ವಕೀಲ ಆ ಮೌನವನ್ನು ಬರೆಸಿಕೊಂಡ.

ಬಳಿಕ ಒನಕೆಯನ್ನು ಸಾಕ್ಷಿಯಾಗಿ ಕರೆದರು. ಅದು ತಾನಾಗಿ ನಿಲ್ಲಲಾರದು, ಗೋಡೆಗೆ ಒರಗಿಸಿದರು. ಸತ್ಯವನ್ನೇ ಹೇಳುವುದಾಗಿ ಪ್ರಮಾಣ ಮಾಡಿಸಿದರು. ಒನಕೆ ಧಬ್ ಎಂದು ಒಪ್ಪಿತು.

"ಈ ಮಂಗಳವಾರಕ್ಕೆ ಮೊದಲು ಇವಳ ಬಳಿ ಸೀನು ಇತ್ತೇ?"

"ಇರಲಿಲ್ಲ. ಮೂವತ್ತು ವರ್ಷ ಇವಳ ಮೂಗಿನ ಮುಂದೆಯೇ ಮೇಲೆ ಕೆಳಗೆ ಆಡಿದ್ದೇನೆ. ಒಂದು ಸೀನೂ ಕಂಡವನಲ್ಲ."

ಫಕೀರವ್ವ ಒನಕೆಯನ್ನು ನೋಡಿದಳು. "ನಿನಗ ಎಣ್ಣಿ ಹಚ್ಚಿ ಹಚ್ಚಿ ಸಾಕಿದ್ದು ಇದಕ್ಕೇನಲೇ?"

"ಏನು ಮಾಡಲವ್ವಾ, ಪ್ರಮಾಣ ಮಾಡಿಸಿಬಿಟ್ಟಿದ್ದಾರೆ," ಎಂದು ಒನಕೆ ತಲೆ ತಗ್ಗಿಸಿ ಮನೆಗೆ ಹೋಯಿತು.

ತೀರ್ಪು ಬಂತು. ದೊರೆಯ ಬಳಿ ಒಂದು ಸೀನು ಕಡಿಮೆ. ಇವಳ ಬಳಿ ಒಂದು ಸೀನು ಹೆಚ್ಚು. ಹೆಚ್ಚಾದದ್ದು ಎಲ್ಲಿಂದ ಬಂತೆಂದು ಹೇಳಲಾರಳು. ಆದ್ದರಿಂದ ಕಡಿಮೆಯಾದದ್ದೇ ಹೆಚ್ಚಾದದ್ದು. ಫಕೀರವ್ವ ದೊರೆಯ ಎರಡನೆಯ ಸೀನನ್ನು ಕದ್ದ ಅಪರಾಧಿ.

ಅಪರಾಧಿ ಎಂದಾದ ಮೇಲೆ, ಶಿಕ್ಷೆಯ ಬಗ್ಗೆ ಹೇಳುವುದೇನಾದರೂ ಇದೆಯೇ ಎಂದು ಕೇಳುವುದು ನಿಯಮ. ಕೇಳಿದರು.

"ಆ ಸೀನು ನಂದ್ರೀ," ಎಂದಳು ಫಕೀರವ್ವ.

"ಅದು ಅಪರಾಧದ ಬಗ್ಗೆ ಹೇಳುವ ಮಾತು. ಅದರ ಹೊತ್ತು ಮುಗಿಯಿತು. ಶಿಕ್ಷೆಯ ಬಗ್ಗೆ ಹೇಳು."

"ಶಿಕ್ಷಾ ಬ್ಯಾಡ್ರೀ."

ಶಿರಸ್ತೇದಾರ ಗುಂಡಾಚಾರ್ಯರು "ಹೇಳುವುದೇನೂ ಇಲ್ಲ" ಎಂದು ಬರೆದುಕೊಂಡರು.

ಶಿಕ್ಷೆ ಹೀಗಿತ್ತು. ಕದ್ದ ಮಾಲು ಮೂಗಿನಲ್ಲಿದೆ. ಅದು ಇನ್ನೊಬ್ಬರ ಪಾಲಾಗಬಾರದು. ಆದ್ದರಿಂದ ಫಕೀರವ್ವನ ಮೂಗಿನ ಎರಡೂ ಹೊಳ್ಳೆಗಳನ್ನು ಕಾದ ಅರಗಿನಿಂದ ಮುಚ್ಚಿ, ಮೇಲೆ ದೊರೆಯ ಮುದ್ರೆ ಒತ್ತಬೇಕು. ಅವಧಿ, ಬದುಕಿರುವವರೆಗೆ. ಉಸಿರಾಟಕ್ಕೆ ಬಾಯಿಯನ್ನು ದಯೆಯಿಂದ ಬಿಡಲಾಗಿದೆ.

ಫಕೀರವ್ವನ ಕೈ ತಾನಾಗಿಯೇ ಮೂಗಿಗೆ ಹೋಯಿತು.   ಮೆಣಸಿನಕಾಯಿಯ ರಾಶಿಯ ಮುಂದೆ ಕಣ್ಣನ್ನು ನಂಬುವಂತಿಲ್ಲ. ಹೊರಗೆ ರಕ್ತದಂತೆ ಕೆಂಪಗಿರುವ ಕಾಯಿಯೊಳಗೆ ಬೂಷ್ಟು ಕೂತಿರುತ್ತದೆ. ಅದು ಮೂಗಿಗೆ ಮಾತ್ರ ತಿಳಿಯುತ್ತದೆ. ಊರಿನವರು ಅವಳಿಂದಲೇ ಖಾರ ಕುಟ್ಟಿಸುವುದು ಅವಳ ತೋಳಿಗಾಗಿ ಅಲ್ಲ, ಮೂಗಿಗಾಗಿ. ಮೂಗು ಮುಚ್ಚಿದರೆ ಅವಳು ಊರಿಗೆಲ್ಲ ಬೂಷ್ಟು ತಿನ್ನಿಸುವವಳಾಗುತ್ತಾಳೆ. ವಾರದೊಳಗೆ ಅವಳ ಬಾಗಿಲಿಗೆ ಒಬ್ಬರೂ ಬರುವುದಿಲ್ಲ.

ದಫೇದಾರ ಲಾಲಸಾಬ ಅರಗಿನ ಕಡ್ಡಿ ಹಿಡಿದು ಮುಂದೆ ಬಂದ. ಕೆಂಡ ಮೊದಲೇ ಉರಿಯುತ್ತಿತ್ತು. ಅರಗು ಕರಗಿ ತೊಟ್ಟಿಕ್ಕಲು ಸಿದ್ಧವಾಯಿತು.

"ನಿಲ್ಲಿ," ಎಂದರು ಶಿರಸ್ತೇದಾರ ಗುಂಡಾಚಾರ್ಯರು. "ವಿಚಾರಣೆ ಹಳೆಯದು. ಶಿಕ್ಷೆ ಹೊಸದು. ದೊರೆಗಳ ಜೋಡಿ ಸೀನು ಇನ್ನೂ ಬಿದ್ದಿಲ್ಲ. ಪ್ರಾರಂಭಿಸುವಂತಿಲ್ಲ."

ಎಲ್ಲರೂ ದೊರೆಯ ಕಡೆ ನೋಡಿದರು. ದೊರೆ ಅರಮನೆಯ ಬಾಗಿಲಲ್ಲಿ ಕಾಲೆತ್ತಿ ನಿಂತೇ ಇದ್ದ. ಕಾಲು ಬೀಳದಂತೆ ಮಂತ್ರಿ ನರಸಪ್ಪಯ್ಯ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

ಹೀಗೆ ಫಕೀರವ್ವನನ್ನು ಸೆರೆಮನೆಯ ಬಾಗಿಲ ಮೆಟ್ಟಿಲಿನ ಮೇಲೆ ಕೂರಿಸಿದರು. ಒಳಗೆ ಹಾಕಿದರೆ ಶಿಕ್ಷೆ ಪ್ರಾರಂಭವಾದಂತೆ. ಹೊರಗೆ ಬಿಟ್ಟರೆ ಅಪರಾಧಿಯನ್ನು ಬಿಟ್ಟಂತೆ. ಅವಳು ಒಳಗೂ ಅಲ್ಲ, ಹೊರಗೂ ಅಲ್ಲ. ಎದುರಿಗೆ ಲಾಲಸಾಬ ಕೆಂಡದ ಮೇಲೆ ಅರಗು ಹಿಡಿದು ಕೂತ.

"ಕರಗಿದ್ದೇನೆ," ಎಂದಿತು ಅರಗಿನ ಕಡ್ಡಿ. "ಶುರು ಮಾಡೋಣವೇ?"

"ಇಲ್ಲ," ಎಂದ ಲಾಲಸಾಬ.

"ಈಗ?"

"ಇಲ್ಲ."

"ಈಗ?"

"ಅಕ್ಕಾ," ಎಂದ ಲಾಲಸಾಬ ಫಕೀರವ್ವನ ಕಡೆ ತಿರುಗಿ, "ನನಗೂ ಮನಸಿಲ್ಲ. ಏನ್ಮಾಡ್ಲಿ, ಕಡ್ಡಿ ನನ್ನ ಕೈಯಾಗ ಕೊಟ್ಟಾರ."

"ನಿಮ್ಮ ಮನಿಗೆ ಖಾರ ಕುಟ್ಟಿ ಕೊಡಾಕಿ ಯಾರು?"

"ನೀನಽ."

"ಅದಕ್ಕ ಇದೇನು ತಮ್ಮಾ?"

ಲಾಲಸಾಬ ನೆಲ ನೋಡಿದ. "ಸ್ವಲ್ಪ ಆರಿಸಿ ಹಚ್ಚತೀನಿ, ಅಕ್ಕಾ. ಸುಡಂಗಿಲ್ಲ."

"ಆರಿದರೆ ನಾನು ಅಂಟುವುದಿಲ್ಲ," ಎಂದಿತು ಅರಗು ಸಿಡುಕಿನಿಂದ.

ಮರುದಿನ ಗುಂಡಾಚಾರ್ಯರು ಒಂದು ದಪ್ಪ ಪುಸ್ತಕ ಹಿಡಿದು ಮೆಟ್ಟಿಲ ಬಳಿ ಬಂದರು. ಧೂಳು ಕೊಡವಿದರು. ಪಕ್ಕದಲ್ಲಿದ್ದವರು ಸೀನಬಾರದೆಂದು ಮೂಗು ಹಿಡಿದುಕೊಂಡರು.

"ಫಕೀರವ್ವಾ, ನಿನಗೆ ಹಕ್ಕುಗಳಿವೆ."

"ನಿನ್ನಿ ಇರಲಿಲ್ಲೇನ್ರೀ?"

"ಮೊನ್ನೆಯವರೆಗೆ ನೀನು ನಿರಪರಾಧಿ. ನಿರಪರಾಧಿಗಳ ಸುದ್ದಿಯೇ ಈ ಪುಸ್ತಕದಲ್ಲಿಲ್ಲ. ಈಗ ಅಪರಾಧಿಯಾಗಿದ್ದೀ. ಕೇಳು. ತೀರ್ಪಿನ ಪ್ರತಿಯನ್ನು ಪುಕ್ಕಟೆ ಪಡೆಯುವ ಹಕ್ಕು ನಿನಗಿದೆ."

"ಕೊಡ್ರಿ ಹಂಗಾರ."

"ಪ್ರತಿ ಬರೆಯುವುದು ಹೊಸ ಕೆಲಸ. ಈಗ ಆಗದು. ಮುಂದಿನದು ಕೇಳು. ಮೂವತ್ತು ದಿನದೊಳಗೆ ಮೇಲಿನ ಕಟ್ಟೆಗೆ ಮನವಿ ಮಾಡುವ ಹಕ್ಕಿದೆ."

ಮೇಲಿನ ಕಟ್ಟೆ ಎಂದರೆ ಕೆಳಗಿನ ಕಟ್ಟೆಗಿಂತ ಒಂದೇ ಮೆಟ್ಟಿಲು ಎತ್ತರ. ಅಲ್ಲಿಂದ ಇಲ್ಲಿಗೆ ವೀಳ್ಯದೆಲೆ ಕೈ ಬದಲಾಯಿಸಬಹುದು. ಆದರೆ ಕಾಗದಪತ್ರಗಳು ದಿನಕ್ಕೆ ಒಂದು ಎಳ್ಳಿನಷ್ಟು ಮಾತ್ರ ಮೇಲೇರಬೇಕೆಂಬುದು ಪದ್ಧತಿ. ಆದ್ದರಿಂದ ಮೂವತ್ತು ದಿನ ಬೇಕಿತ್ತು.

"ಮನವಿ ಮಾಡೋದು ಹೊಸಾ ಕೆಲಸ ಅಲ್ಲೇನ್ರೀ?"

"ಅಲ್ಲ. ಅದು ಹಳೆಯ ವಿಚಾರಣೆಯೇ ಒಂದು ಮೆಟ್ಟಿಲು ಹತ್ತುವುದು. ಹೊಸ ಸಾಕ್ಷ್ಯ ಏನಾದರೂ ಇದ್ದರೆ ಅಲ್ಲಿ ಇಡಬಹುದು."

"ಎಂಥಾ ಸಾಕ್ಷ್ಯ?"

ಗುಂಡಾಚಾರ್ಯರು ದನಿ ತಗ್ಗಿಸಿದರು. "ಇನ್ನೊಂದು ಸೀನು. ಒಂದೇ ಸೀನು ಇದ್ದವಳು ಅದನ್ನು ಕದ್ದಿರಬಹುದು. ಎರಡು ಸೀನು ಇದ್ದವಳಿಗೆ ಸ್ವಂತ ಬೆಳೆ ಇದೆ ಎಂದಾಯಿತು. ಮೂವತ್ತು ದಿನ. ಅಷ್ಟರೊಳಗೆ ಸೀನು, ತಾಯೀ."

ಫಕೀರವ್ವ ಮನವಿಗೆ ಒಪ್ಪಿ ಸೀನಲು ಹೊರಟಳು. ಮೂಗು ಮೇಲೆತ್ತಿ ಸೂರ್ಯನನ್ನು ನೋಡಿದಳು. ಕಣ್ಣಲ್ಲಿ ನೀರು ಬಂತು, ಸೀನು ಬರಲಿಲ್ಲ. ಸೆರಗಿನ ತುದಿಯನ್ನು ಹುರಿಮಾಡಿ ಮೂಗಿಗೆ ಹಾಕಿಕೊಂಡಳು. ಬರಲಿಲ್ಲ. ಅರಮನೆಯ ಆಳುಗಳು ಓಡಿಬಂದು ನವಿಲುಗರಿ ಆಡಿಸಿದರು, ನಶ್ಯ ಹಿಡಿದರು. ಕದ್ದದ್ದು ಹೊರಗೆ ಬಿದ್ದರೆ ದೊರೆಗೆ ಮುಟ್ಟೀತು ಎಂಬುದು ಅವರ ಆಸೆ. ಸರ್ಕಾರಿ ವಕೀಲ ಕುಪೇಂದ್ರಪ್ಪನಿಗೆ ಅವಳು ಸೀನಿದರೆ ಮೊಕದ್ದಮೆ ಬೀಳುತ್ತದೆ ಎಂಬ ಭಯ. ಅವನು ಬಿಸಿಲು ತಾಗದಂತೆ ಅವಳಿಗೆ ಕೊಡೆ ಹಿಡಿದ. ಆಳುಗಳು ಕೊಡೆ ಸರಿಸಿದರು. ವಕೀಲ ಮತ್ತೆ ಹಿಡಿದ. ಅವರು ನಶ್ಯ ಚೆಲ್ಲಿದರೆ ಇವನು ಒದ್ದೆ ಬಟ್ಟೆಯಿಂದ ಒರೆಸಿದ. ಅವರು ಗರಿ ತಂದರೆ ಇವನು ಗರಿ ಕಿತ್ತುಕೊಂಡ. ಬಿಸಿಲು, ನೆರಳು. ಬಿಸಿಲು, ನೆರಳು. ಮೂವತ್ತು ವರ್ಷ ಖಾರದ ಮುಂದೆ ಅಲುಗದ ಮೂಗು ನವಿಲುಗರಿಗೆ ಅಲುಗೀತೇ?

ಊರು ಕುದಿಯತೊಡಗಿತು. ಮದುವೆ ಮಂಟಪದಲ್ಲಿ ವರ ತಾಳಿ ಹಿಡಿದು ನಿಂತವನು ನಿಂತೇ ಇದ್ದ. ವಧು ಬಗ್ಗಿಸಿದ ಕತ್ತು ಬಗ್ಗಿಸಿಯೇ ಇದ್ದಳು. ಹಡಪದವನು ಗಿರಾಕಿಯ ಎಡಗೆನ್ನೆ ಮುಗಿಸಿದ್ದ. ಬಲಗೆನ್ನೆ ಹಳೆಯ ಕೆಲಸವೋ ಹೊಸ ಕೆಲಸವೋ ತಿಳಿಯದೆ ಕತ್ತಿ ಹಿಡಿದು ಕೂತ. ಒಲೆ ಆರಿದವರು ಹೊಸದಾಗಿ ಹೊತ್ತಿಸುವಂತಿಲ್ಲ. ನೆರೆಮನೆಯ ಬೆಂಕಿಯನ್ನು ತಂದು ಮುಂದುವರಿಸಿಕೊಂಡರು. ಹೊಸ ಜಗಳ ಮಾಡುವಂತಿಲ್ಲ. ಅಜ್ಜಂದಿರ ಕಾಲದ ಜಗಳಗಳನ್ನು ಹುಡುಕಿ ತೆಗೆದರು. ಒಬ್ಬಳಿಗೆ ಹೆರಿಗೆ ನೋವು ಬಂತು. ಇದು ಒಂಬತ್ತು ತಿಂಗಳ ಹಿಂದೆಯೇ ಶುರುವಾದದ್ದು ಎಂದು ಸೂಲಗಿತ್ತಿ ವಾದಿಸಿ ಗೆದ್ದಳು. ಮಗು ಹುಟ್ಟಿತು. ಅಳುವುದು ಹೊಸ ಕೆಲಸ ಎಂದು ಯಾರೋ ಆಕ್ಷೇಪ ತೆಗೆದರು. ಮಗು ಕೇಳಲಿಲ್ಲ.

ಫಕೀರವ್ವ ಮೆಟ್ಟಿಲ ಮೇಲೆ ಕೂರುವಳು, ಏಳುವಳು, ಮತ್ತೆ ಕೂರುವಳು. ಇನ್ನೆಷ್ಟು ದಿನವೋ ಎಂದು ಮೂಗಿಗೆ ಬಂದದ್ದನ್ನೆಲ್ಲ ಒಳಗೆಳೆದುಕೊಂಡಳು. ಸೆರೆಮನೆಯ ಹಗ್ಗದ ಮುಗ್ಗಲು. ಲಾಲಸಾಬನ ಬೀಡಿ. ಎಲ್ಲೋ ಸೀದ ರೊಟ್ಟಿ. ಹದಿನೇಳನೆಯ ದಿನ ಅವಳು ದಡಬಡಿಸಿ ಎದ್ದು ನಿಂತಳು.

"ಮೂರನೇ ಓಣ್ಯಾಗ ಯಾರದೋ ಕಾಯಿಗೆ ಹಸಿ ತಾಗೇತಿ! ಯಾರರೆ ಓಡಿಹೋಗಿ ರಾಶಿ ತಿರುವಿ ಹಾಕ್ರಿ!"

"ತಿರುವುವುದು ಹೊಸ ಕೆಲಸ," ಎಂದರು ಜನ.

ನಾಲ್ಕು ದಿನ ಅವಳು ಆ ರಾಶಿ ಕೆಡುವುದನ್ನು ಕೂತಲ್ಲಿಂದಲೇ ಮೂಸಿದಳು. ಐದನೆಯ ದಿನ ಅದು ಪೂರಾ ಕೆಟ್ಟಿತು. ಅದು ಅವಳೊಬ್ಬಳಿಗೇ ಗೊತ್ತಿತ್ತು.

"ಈಗ?" ಎಂದಿತು ಅರಗು.

ಮೂವತ್ತನೆಯ ದಿನ ಬಂತು. ಕಾಗದಗಳು ಮೇಲಿನ ಕಟ್ಟೆ ಮುಟ್ಟಿದವು. ಫಕೀರವ್ವನನ್ನೂ, ಕೆಂಡ ಅರಗುಗಳ ಸಮೇತ ಲಾಲಸಾಬನನ್ನೂ ಅಲ್ಲಿಗೆ ಕರೆತಂದರು.

ಮೇಲಿನ ಕಟ್ಟೆಯ ನ್ಯಾಯಾಧೀಶ ಮರಿಶಾಂತಯ್ಯನವರಿಗೆ ಮೈತುಂಬ ಬೆವರುಸಾಲೆ. ಕೂರಲಾರರು. ಅತ್ತಿಂದಿತ್ತ ನಡೆಯುತ್ತ, ಬೆನ್ನನ್ನು ಕಂಬಕ್ಕೆ ಉಜ್ಜುತ್ತ, ನ್ಯಾಯ ಹೇಳುವುದು ಅವರ ರೂಢಿ.

"ದೂರು ಕೊಟ್ಟವರೆಲ್ಲಿ?" ಎಂದು ಕೇಳಿದರು.

"ದೊರೆಗಳು ಹೊಸ್ತಿಲು ದಾಟುವಂತಿಲ್ಲ," ಎಂದ ವಕೀಲ.

"ಹೊಸ್ತಿಲನ್ನೂ ಕರೆತನ್ನಿ."

ಹೊಸ್ತಿಲು ಕೀಳುವುದು ಹೊಸ ಕೆಲಸವಲ್ಲವೇ ಎಂಬ ಪ್ರಶ್ನೆ ಬಂತು. ಕೀಳುವುದು ಪ್ರಾರಂಭವಲ್ಲ, ಅಂತ್ಯ ಎಂದರು ಗುಂಡಾಚಾರ್ಯರು. ಹೊಸ್ತಿಲನ್ನು ಕಿತ್ತರು. ನಾಲ್ವರು ಹೊಸ್ತಿಲನ್ನು ಹೊತ್ತರು. ಎಂಟು ಮಂದಿ ದೊರೆಯನ್ನು ಹೊತ್ತರು. ಮಂತ್ರಿ ನರಸಪ್ಪಯ್ಯ ಎತ್ತಿದ ಕಾಲನ್ನು ಹಿಡಿದು ಜೊತೆಗೆ ಓಡಿದ. ದೊರೆ ಕಟ್ಟೆಗೆ ಬಂದರೂ ಹೊಸ್ತಿಲು ದಾಟಿದಂತಾಗಲಿಲ್ಲ.

"ಅಪರಾಧಿಯ ಹೊಸ ಸಾಕ್ಷ್ಯ ಎಲ್ಲಿ?" ಎಂದರು ಮರಿಶಾಂತಯ್ಯ.

ಫಕೀರವ್ವ ಮೂಗು ಮೇಲೆತ್ತಿದಳು. ಕಟ್ಟೆಯ ಸುತ್ತ ನೆರೆದ ಊರು ಮೂಗು ಮೇಲೆತ್ತಿತು. ಒಂದು ಗಳಿಗೆ. ಎರಡು ಗಳಿಗೆ.

"ಬಂತೇ?"

"ಬಂದಂಗಾಗಿ ಹೋತ್ರೀ."

"ಬಂದಂತಾದದ್ದನ್ನು ದಾಖಲು ಮಾಡಲಾಗದು."

ಸರ್ಕಾರಿ ವಕೀಲ ಕೊಡೆ ಮಡಚಿಟ್ಟ. ಅವನ ಮುಖ ಅರಳಿತ್ತು.  ಫಕೀರವ್ವನಿಗೆ ಇದ್ದದ್ದು ಅದೊಂದೇ ದಾರಿ. ಅದೂ ಮುಚ್ಚಿತು.

ಮರಿಶಾಂತಯ್ಯನವರು ಕಂಬಕ್ಕೆ ಬೆನ್ನು ಉಜ್ಜುತ್ತ ಹಾಳೆ ತಿರುವಿದರು. ತಿರುವುತ್ತ ನಿಂತರು. "ಮಾಲಿನ ಒಡೆಯರು ಮಾಲನ್ನು ಗುರುತಿಸಿದ್ದಾರೆಯೇ?"

 ಅದನ್ನು ಯಾರೂ ಕೇಳಿಯೇ ಇರಲಿಲ್ಲ.

"ಎಮ್ಮೆ ಕಳೆದುಕೊಂಡವನು ಕೊಂಬು ಹೇಗಿತ್ತೆಂದು ಹೇಳಬೇಕು. ಕೊಡ ಕಳೆದುಕೊಂಡವನು ನೆಗ್ಗು ಎಲ್ಲಿತ್ತೆಂದು ಹೇಳಬೇಕು. ಸೀನು ಕಳೆದುಕೊಂಡವರು ಸೀನು ಹೇಗಿತ್ತೆಂದು ಹೇಳಬೇಕು."

"ದೊಡ್ಡದಿತ್ತು," ಎಂದ ದೊರೆ.

"ಎಷ್ಟು ದೊಡ್ಡದು?"

"ರಾಜರಿಗೆ ತಕ್ಕಷ್ಟು. ಮೊದಲು ಇಲ್ಲಿ ಕಚಗುಳಿಯಾಗುತ್ತದೆ." ದೊರೆ ಮೂಗಿನ ಬುಡ ಮುಟ್ಟಿ ತೋರಿಸಿದ. "ಆಮೇಲೆ ಕಣ್ಣು ಸಣ್ಣಗಾಗುತ್ತದೆ, ಹೀಗೆ. ಬಾಯಿ ತೆರೆಯುತ್ತದೆ, ಹೀಗೆ. ಆಮೇಲೆ ಎದೆಯಿಂದ ಮೇಲಕ್ಕೆ... ಆ... ಆ..."

ಊರೆಲ್ಲ ಬಾಯಿ ತೆರೆಯಿತು.

"ಆಕ್ಷೀ!"

ದೊರೆಯ ಬಲಗಾಲಿನ ಜೋಡು ಹಾರಿ ಕಟ್ಟೆಯಾಚೆ ಬಿತ್ತು.

"ಬಿತ್ತು!" ಎಂದು ಊರು ಕೂಗಿತು. "ಜೋಡಿ ಬಿತ್ತು!" ದೂರದ ಮಂಟಪದಲ್ಲಿ ವಾಲಗದವನು ಗಾಳಿ ಎಳೆದುಕೊಂಡ. ಹಡಪದವನು ಕತ್ತಿ ಎತ್ತಿದ.

ಎಲ್ಲರಿಗಿಂತ ಮೊದಲು ಬಾಯಿ ಬಿಟ್ಟವನು ಸರ್ಕಾರಿ ವಕೀಲ. "ಸ್ವಾಮೀ, ಇನ್ನು ಕೆಲಸಗಳು ಪ್ರಾರಂಭವಾಗಬಹುದು. ಸಾಲಿನಲ್ಲಿ ಮೊದಲಿಗೆ ನಿಂತಿರುವುದು ಶಿಕ್ಷೆ. ಮನವಿಯ ತೀರ್ಪನ್ನು ಆಮೇಲೆ ನಿಧಾನವಾಗಿ ಬರೆಯೋಣ."

"ನನ್ನ ಸರದಿ! ನನ್ನ ಸರದಿ!" ಎಂದು ಅರಗು ಕುಣಿಯಿತು.

ಲಾಲಸಾಬ ಎದ್ದ. ಮನಸಿಲ್ಲದಿದ್ದರೂ ಅವನ ಕೈ ಮುಂದೆ ಬಂತು. ಫಕೀರವ್ವನ ಮೇಲ್ತುಟಿಗೆ ಅರಗಿನ ಕಾವು ತಾಗಿತು.

"ತಡಿ ತಮ್ಮಾ," ಎಂದಳು ಅವಳು. "ಒಂದು ಮಾತು ಕೇಳೋದೈತಿ. ವಕೀಲರಽ, ದೊರೆಗಳ ಮೂಗಿನ್ಯಾಗಿಂದ ಈಗ ಬಿದ್ದದ್ದು ಎಷ್ಟನೇದ್ರೀ?"

"ಎರಡನೆಯದು!"

"ಎರಡನೇದು ನಾ ಕದ್ದೀನಂತ ಬರದೀರಿ. ನನ್ನ ಕಡೆ ಇದ್ದದ್ದು ಅವರ ಮೂಗಿನ್ಯಾಗ ಹೆಂಗ ಹೊಕ್ಕಿತ್ರೀ?"

ವಕೀಲ ಬೆರಳು ಮಡಚಿ ಎಣಿಸಿದ. "ಹಾಗಾದರೆ... ಇದು ಮೂರನೆಯದು."

"ಮೂರನೇದಾದ್ರ ಅದು ಒಂಟಿ ಆತಲ್ರೀ. ಒಂಟಿ ಸೀನಿನ ಮ್ಯಾಲೆ ಅರಗು ಹಚ್ಚಬೌದೇನು?"

"ಅಯ್ಯೋ," ಎಂದಿತು ಅರಗು.

ವಕೀಲ ತೋಳು ಮಡಚಿಕೊಂಡ. "ಶಿಕ್ಷೆ ಪ್ರಾರಂಭಿಸುವ ಮಟ್ಟಿಗೆ ಇದು ಎರಡನೆಯದು, ಸ್ವಾಮೀ. ಕಳವಿನ ಮಟ್ಟಿಗೆ ಮೂರನೆಯದು."

"ಮೂಗು ಒಂದು, ಸೀನು ಒಂದು. ಲೆಕ್ಕವೂ ಒಂದೇ ಇರಬೇಕು," ಎಂದರು ಮರಿಶಾಂತಯ್ಯ. "ದೊರೆಗಳೇ ಹೇಳಲಿ. ಎರಡನೆಯದು ಎಂದರೆ, ತಮ್ಮ ಮೂಗಿನಲ್ಲೇ ಇದ್ದ ಮಾಲನ್ನು ಕಳವಾಯಿತೆಂದು ದೂರು ಕೊಟ್ಟಂತಾಯಿತು. ಸುಳ್ಳು ದೂರಿಗೂ ನಮ್ಮಲ್ಲಿ ಅದೇ ಶಿಕ್ಷೆ."

ದೊರೆ ಅರಗನ್ನು ನೋಡಿದ. ಅರಗು ದೊರೆಯ ಮೂಗನ್ನು ನೋಡಿತು.

"ಮೂರನೆಯದು," ಎಂದ ದೊರೆ ಅವಸರದಿಂದ.

ವಾಲಗದವನು ಎಳೆದುಕೊಂಡ ಗಾಳಿಯನ್ನು ಸುಮ್ಮನೆ ಬಿಟ್ಟ. ಹಡಪದವನು ಕತ್ತಿ ಇಳಿಸಿದ. ಮಂತ್ರಿ ನರಸಪ್ಪಯ್ಯ ನಿಟ್ಟುಸಿರಿಟ್ಟು ಕಾಲನ್ನು ಮತ್ತೆ ಗಟ್ಟಿಯಾಗಿ ಹಿಡಿದ.

"ಹಾಗಾದರೆ ಕಳವು ಸಾಬೀತಾಯಿತು," ಎಂದ ವಕೀಲ. "ನಾಲ್ಕನೆಯ ಸೀನು ಬಿದ್ದ ದಿನ ಶಿಕ್ಷೆ ಪ್ರಾರಂಭವಾಗಲಿ. ಅಲ್ಲಿಯವರೆಗೆ ಇವಳು ಮೆಟ್ಟಿಲ ಮೇಲೆ ಇರಲಿ."

"ಕಾಯುತ್ತೇನೆ," ಎಂದಿತು ಅರಗು.

ಫಕೀರವ್ವ ಸೆರೆಮನೆಯ ಆ ಮೆಟ್ಟಿಲನ್ನು ನೋಡಿದಳು. ನಾಲ್ಕನೆಯದು ನಾಳೆ ಬೀಳಬಹುದು. ಹತ್ತು ವರ್ಷಕ್ಕೆ ಬೀಳಬಹುದು. ಅಷ್ಟೂ ದಿನ ಬೇರೆಯವರ ಕಾಯಿ ಕೆಡುವುದನ್ನು ಮೂಸುತ್ತ, ಇನ್ನೊಬ್ಬರ ಮೂಗನ್ನು ಕಾಯುತ್ತ ಕೂರಬೇಕು. 

"ವಕೀಲರಽ, ಇನ್ನೊಂದು ಕೇಳ್ತೀನ್ರೀ. ನಾ ಕಳ್ಳಿ ಆದದ್ದು ಯಾವಾಗ?"

"ಆ ಮಂಗಳವಾರ. ದೊರೆಗಳ ಮೊದಲ ಸೀನು ಬಿದ್ದ ಬೆನ್ನಿಗೇ."

"ಅದಕ್ಕೂ ಮೊದಲು ಏನರೆ ಕದ್ದಿದ್ನೇನ್ರೀ? ಒಂದು ಮೆಣಸಿನಕಾಯಿ? ಒಂದು ತೊಟ್ಟು?"

"ದಾಖಲೆಯಲ್ಲಿ ಏನೂ ಇಲ್ಲ. ಅದೇ ಮೊದಲನೆಯದು. ನಿನ್ನ ಕಳ್ಳತನ ಅಂದೇ ಪ್ರಾರಂಭ..."

ಅಷ್ಟು ಹೇಳಿದ ವಕೀಲ ಬಾಯಿಯ ಮೇಲೆ ಕೈಯಿಟ್ಟುಕೊಂಡ. ತಡವಾಗಿತ್ತು.

ಅತ್ತಿಂದಿತ್ತ ನಡೆಯುತ್ತಿದ್ದ ಮರಿಶಾಂತಯ್ಯನವರು ನಿಂತರು. ಬೆವರುಸಾಲೆಯನ್ನು ಮರೆತು ಕೂತೇಬಿಟ್ಟರು. ಅವರು ಕೂತದ್ದನ್ನು ಊರು ಅದುವರೆಗೆ ಕಂಡಿರಲಿಲ್ಲ.

"ಒಂಟಿ ಸೀನಿನ ಮೇಲೆ ಪ್ರಾರಂಭವೇ?" ಎಂದರು. "ಮದುವೆ ಪ್ರಾರಂಭವಾಗಲಿಲ್ಲ. ಒಲೆ ಪ್ರಾರಂಭವಾಗಲಿಲ್ಲ. ಬಲಗೆನ್ನೆ ಪ್ರಾರಂಭವಾಗಲಿಲ್ಲ. ಇವಳ ಕಳ್ಳತನ ಒಂದೇ ಪ್ರಾರಂಭವಾಯಿತೇ? ಯಾರ ಅಪ್ಪಣೆಯ ಮೇಲೆ? ಶಾಸನದ ಪ್ರಕಾರ ಅದು ಪ್ರಾರಂಭವಾಗುವಂತಿರಲಿಲ್ಲ. ಆದ್ದರಿಂದ ಆಗಿಲ್ಲ."

ಗುಂಡಾಚಾರ್ಯರು ಲೇಖನಿ ಕೈಗೆತ್ತಿಕೊಂಡರು, ಮತ್ತೆ ಕೆಳಗಿಟ್ಟರು. ಅವರ ಮುಖ ಬಾಡಿತು. "ಸ್ವಾಮೀ, ನಿರಪರಾಧಿ ಎಂದು ಬರೆಯುವುದೂ ಹೊಸ ಕೆಲಸವೇ. ಮೂರನೆಯದು ಒಂಟಿ. ಬರೆಯುವಂತಿಲ್ಲ."

 ವಕೀಲ ಮತ್ತೆ ಉಸಿರಾಡಿದ.

"ಬರೀಬ್ಯಾಡ್ರಿ," ಎಂದಳು ಫಕೀರವ್ವ.

"ಏನೆಂದೆ?"

"ಬರೀಬ್ಯಾಡ್ರಿ ಅಂದೆ. ನಾ ಕಳ್ಳಿ ಅಲ್ಲ ಅನ್ನೋದು ನಮ್ಮವ್ವ ನನ್ನ ಹಡದಾಗಿಂದ ನಡದೈತಿ. ಇವತ್ತೇನು ಹೊಸದಾಗಿ ಶುರು ಮಾಡಬೇಕಾಗಿಲ್ಲ."

ಮರಿಶಾಂತಯ್ಯನವರು ಗುಂಡಾಚಾರ್ಯರ ಕಡೆ ನೋಡಿದರು. ಗುಂಡಾಚಾರ್ಯರು ಪುಸ್ತಕ ನೋಡಿದರು. ಪುಸ್ತಕದಲ್ಲಿ ಅದಕ್ಕೆ ವಿರುದ್ಧವಾದದ್ದು ಏನೂ ಇರಲಿಲ್ಲ.

"ಮುಂದುವರಿಯಲಿ," ಎಂದರು ನ್ಯಾಯಾಧೀಶರು.

ಲಾಲಸಾಬ ಅರಗಿನ ಕಡ್ಡಿಯನ್ನು ನೀರಿನ ಪಾತ್ರೆಗೆ ಅದ್ದಿದ. ಅದು ಚುಂಯ್ ಎಂದಿತು. ಮತ್ತೇನೂ ಕೇಳಲಿಲ್ಲ.

ಫಕೀರವ್ವ ಒಂದು ಮೆಟ್ಟಿಲು ಇಳಿದಳು. ಇನ್ನೊಂದು ಮೆಟ್ಟಿಲು ಇಳಿದಳು. ಬಯಲಿಗೆ ಬಂದು ಎರಡೂ ಹೊಳ್ಳೆಗಳ ತುಂಬ ಒಮ್ಮೆ ಉಸಿರೆಳೆದುಕೊಂಡು, ಯಾರನ್ನೂ ಕೇಳದೆ ನಡೆದುಬಿಟ್ಟಳು.

ಈ ಕತೆಯಲ್ಲಿ ನೀತಿ ಬೇಕೆನ್ನುವವರಿಗೆ ಇಷ್ಟು ಸಾಕು: ದೂರು ಕೊಡಲು ಹೋಗುವ ಮುಂಚೆ ಸ್ವಂತ ಮೂಗಿನೊಳಗೆ ಒಮ್ಮೆ ಚೆನ್ನಾಗಿ ಹುಡುಕಬೇಕು. ಹೇಳಿದವರ ಬಾಯಿ ಒಣಗಿತು. ಕೇಳಿದವರು ಎದ್ದು ಕೈಕಾಲು ತೊಳೆದುಕೊಳ್ಳಿ.

ಆ ದಿನ ಮೇಲಿನ ಕಟ್ಟೆಯಲ್ಲಿ ಕೊನೆಯವರೆಗೆ ಹಾಜರಿದ್ದವರು: ನ್ಯಾಯಾಧೀಶ ಮರಿಶಾಂತಯ್ಯ, ಕೂತು. ಶಿರಸ್ತೇದಾರ ಗುಂಡಾಚಾರ್ಯ. ಸರ್ಕಾರಿ ವಕೀಲ ಕುಪೇಂದ್ರಪ್ಪ. ದಫೇದಾರ ಲಾಲಸಾಬ. ಮಂತ್ರಿ ನರಸಪ್ಪಯ್ಯ, ಕಾಲು ಹಿಡಿದು. ದೊರೆ ಉದ್ದಂಡಪ್ಪ ನಾಯಕ, ಕಾಲು ಎತ್ತಿ.